ಆಚೆ ದಂಡೆ ಇಲ್ಲದ ನೀರು

ನನ್ನ ತಮ್ಮ ಮಾಂತೇಶನಿಗೆ ಬುದ್ಧಿ ಹೇಳುವುದೆಂದರೆ ಕೋಣನ ಮುಂದೆ ಕಿನ್ನರಿ ಬಾರಿಸಿದಂತೆ. ರಾಣೇಬೆನ್ನೂರಿನ ಬೀಜದ ಅಂಗಡಿಯಲ್ಲಿ ಸುಮ್ಮನೆ ಕೂರುವುದು ಬಿಟ್ಟು, ಗೋಕರ್ಣದಲ್ಲಿ ಯಾರೋ ವಿದೇಶದವನಿಂದ ಹಾಯಿ ಕಟ್ಟಿದ ಹಲಗೆಯೊಂದನ್ನು ಕೊಂಡು ತಂದ. ಅದರ ಮೇಲೆ ನಿಂತು ಗಾಳಿಗೆ ಓಡುವುದಕ್ಕೆ ವಿಂಡ್‌ಸರ್ಫಿಂಗ್ ಅನ್ನುತ್ತಾರಂತೆ. ಆಷಾಢದ ಗಾಳಿಯಲ್ಲಿ ಐರಣಿಯ ಹೊಳೆಯ ಮೇಲೆ ಆಚೆ ದಂಡೆಗೆ ಹಾರಿದಂತೆ ಹೋಗುತ್ತಿದ್ದ. ಗಾಳಿಗೆದುರಾಗಿ ಮರಳಿ ಬರುವುದನ್ನು ಮಾತ್ರ ಕಲಿಯಲೇ ಇಲ್ಲ. ಅಂಬಿಗ ಭರಮಣ್ಣನ ದೋಣಿ ಹೋಗಿ ಕರೆತರುತ್ತಿತ್ತು. ನಡುವೆ ಬಿದ್ದರೆ ಹಲಗೆಯನ್ನು ಅಲ್ಲೇ ಬಿಟ್ಟು, ಹತ್ತಿರ ಕಂಡ ದಂಡೆಗೆ ಈಜಿಬಿಡುತ್ತಿದ್ದ.

ಅವನ ವೇಗಕ್ಕೆ ಹೊಳೆ ಸಾಲದಾಯಿತು. ೨೦೦೬ರ ಡಿಸೆಂಬರಿನಲ್ಲಿ ಟ್ರ್ಯಾಕ್ಸ್ ಗಾಡಿಯ ಮೇಲೆ ಹಲಗೆ ಕಟ್ಟಿಕೊಂಡು ಸಮುದ್ರಕ್ಕೆ ಹೊರಟ. ಒಬ್ಬನೇ ಹೋಗುವುದು ಬೇಡವೆಂದು ನಾನೂ ಹತ್ತಿದೆ. ಕುಮಟಾದ ಆಚೀಚೆ ಯಾವ ಜಾಗವೂ ಅವನಿಗೆ ಹಿಡಿಸಲಿಲ್ಲ. ಒಂದು ಕಡೆ ತೆರೆ ಜಾಸ್ತಿ, ಇನ್ನೊಂದು ಕಡೆ ಗಾಳಿ ಸಪ್ಪೆ. ಹೆಣ್ಣು ನೋಡಲು ಹೋದಾಗಲೂ ಹೀಗೇ ಕೊಂಕು ತೆಗೆಯುತ್ತಿದ್ದ. ಮರುದಿನ ಬೆಳಿಗ್ಗೆ ಸಣ್ಣದೊಂದು ಕಡಲತೀರ ಸಿಕ್ಕಿತು. ಗಾಳಿ ನೆಲದಿಂದ ನೀರಿನ ಕಡೆಗೆ ಜೋರಾಗಿ ಬೀಸುತ್ತಿತ್ತು, ತೆರೆಯೇ ಇರಲಿಲ್ಲ.

"ಅಕ್ಕಾ, ಐರಣಿ ಹೊಳಿ ಇದ್ದಂಗ ಐತಿ ನೋಡು," ಅಂದ. ಲೈಫ್ ಜಾಕೆಟ್ ಬಿಗಿಯಾಗುತ್ತದೆಂದು ಗಾಡಿಯಲ್ಲೇ ಬಿಟ್ಟು ಹೋದ.

ಅಂಥ ಓಟ ನಾನು ಕಂಡಿರಲಿಲ್ಲ. ಖುಷಿಯಿಂದ ಚಪ್ಪಾಳೆ ತಟ್ಟಿದೆ. ಹಳದಿ ಹಾಯಿ ಚಿಕ್ಕದಾಗುತ್ತಾ ಹೋಯಿತು, ತಿರುಗಲಿಲ್ಲ. ಇಲ್ಲಿ ಆಚೆ ದಂಡೆಯೇ ಇಲ್ಲವೆಂದು ಆಗ ಹೊಳೆಯಿತು. ನೋಡುತ್ತಿದ್ದಂತೆ ಹಾಯಿ ಮಗುಚಿತು, ಮತ್ತೆ ಏಳಲಿಲ್ಲ.

ಬಲೆ ಬಿಡಿಸುತ್ತಿದ್ದ ಮೀನುಗಾರನ ಬಳಿ ಓಡಿ ಕೈಮುಗಿದೆ. ಅವನು ತಡಮಾಡದೆ ನನ್ನನ್ನೂ ಕೂರಿಸಿಕೊಂಡು ಮೋಟಾರು ದೋಣಿ ಹೊರಡಿಸಿದ. ದೂರದಲ್ಲಿ ಹಾಯಿ ತೇಲುತ್ತಿತ್ತು. ದೋಣಿ ನೇರ ಅದರ ಕಡೆಗೆ ಹೊರಟಿತು. ಎಡಕ್ಕೆ ನೋಡಿದರೆ ಕಲ್ಲುಬಂಡೆಗಳ ಸಾಲೊಂದು ಕಡಲೊಳಗೆ ಚಾಚಿಕೊಂಡಿತ್ತು. ಮಾಂತೇಶ ಬಿದ್ದಲ್ಲಿಂದ ಹತ್ತಿರ ಕಾಣುವ ನೆಲ ಅದೇ.

"ಹಾಯಿ ಕಡೆ ಬ್ಯಾಡ್ರಿ. ಅಂವ ಹಲಗಿ ಬಿಟ್ಟು ಈಜಾಕತ್ತಿರತಾನ. ಆ ಕಲ್ಲಿನ ಕಡೆ ತಿರುಗಸ್ರಿ."

ಕಡಲಿನಲ್ಲಿ ಹಲಗೆ ಬಿಡುವ ಹುಚ್ಚ ಯಾರಿದ್ದಾನೆ ಎಂದು ಮೀನುಗಾರ ಕೇಳಿದ. ಎರಡೂ ಕಡೆ ಹುಡುಕುವಷ್ಟು ಹೊತ್ತಿಲ್ಲ, ಸರಿಯಾಗಿ ಯೋಚಿಸಿ ಹೇಳು ಅಂದ. ತಪ್ಪಿದರೆ ತಮ್ಮನನ್ನು ನಾನೇ ಕೊಂದಂತೆ.

"ನನ್ನ ತಮ್ಮ ರೀ ಅಂವ. ನನಗ ಗೊತ್ತೈತಿ," ಅಂದೆ.

ದೋಣಿ ತಿರುಗಿತು. ಹಾಯಿ ಹಿಂದೆ ಉಳಿಯಿತು. ಮುಂದೆ ಬರೀ ನೀರು. ಅವನ ಹೆಸರು ಕೂಗಿ ಕೂಗಿ ಗಂಟಲು ಕಟ್ಟಿತು. ಕೊನೆಗೆ ಬಂಡೆಗಳಿಗೆ ಇನ್ನೂ ಬಹಳ ದೂರದಲ್ಲಿ ಕಪ್ಪಗೆ ಒಂದು ತಲೆ ಕಂಡಿತು. ಕೈ ಬಡಿಯುತ್ತಿದ್ದ, ಆದರೆ ಇದ್ದಲ್ಲೇ ಇದ್ದ. ಇಬ್ಬರೂ ಸೇರಿ ಎಳೆದು ಹಾಕಿಕೊಂಡೆವು. ಕೆನ್ನೆಗೊಂದು ಬಿಗಿದೆ, ಆಮೇಲೆ ಅಪ್ಪಿಕೊಂಡೆ.

ಹಲಗೆ ತರೋಣವೇ ಎಂದು ಮೀನುಗಾರ ಕೇಳಿದ. ಅದು ಆಗಲೇ ಕಣ್ಣಿಗೆ ಕಾಣದಷ್ಟು ದೂರ ಹೋಗಿತ್ತು. ಬೇಡವೆಂದು ತಲೆಯಾಡಿಸಿದೆ.

"ಎಷ್ಟು ಈಜಿದ್ರೂ ದಂಡಿ ಹತ್ರ ಬರವಲ್ದು ಅಕ್ಕಾ," ಅಂದ ಮಾಂತೇಶ, ಹಲ್ಲು ಕಟಕಟಿಸುತ್ತಾ.

ಹಾಯಿಯ ಕಡೆಗೇ ಹೋಗಲು ಹೂಂ ಅಂದಿದ್ದರೆ ಏನಾಗುತ್ತಿತ್ತೆಂದು ನೆನೆದು, ಅವನಿಗಿಂತ ಹೆಚ್ಚು ನಾನೇ ನಡುಗಿದೆ.