ಹೂಂ ಎನ್ನದ ಅತ್ತಿಗೆ

ಎದುರಿಗೆ ಕೂತವರು ಮಾತಾಡುತ್ತಿರುವಾಗ ನಡುನಡುವೆ ‘ಹೂಂ’ ಎನ್ನದೆ ಕೇಳುವುದು ನಮ್ಮ ಪೈಕಿ ಬಹುತೇಕ ಯಾರಿಗೂ ಬಾರದ ವಿದ್ಯೆ. ಕಥೆ ಹೇಳುವ ಅಜ್ಜಿಗೂ, ದೂರು ಹೇಳುವ ನೆರೆಯವಳಿಗೂ, ಸಲೀಸಾಗಿ ಸುಳ್ಳು ಪೋಣಿಸುವ ಗೆಳೆಯನಿಗೂ ನಾವು ಹೂಂಗುಟ್ಟುತ್ತೇವೆ. ಅರ್ಥವಾಯಿತೆಂದಲ್ಲ, ನಿದ್ದೆ ಹೋಗಿಲ್ಲವೆಂದು ತಿಳಿಸಲು. ಅತ್ತಿಗೆ ಮಾತ್ರ ಹೂಂ ಎನ್ನುವುದಿಲ್ಲ. ತಲೆಯನ್ನು ತುಸು ಎಡಕ್ಕೆ ವಾಲಿಸಿ, ಕಣ್ಣುಗಳನ್ನು ಮಾತಾಡುವವರ ತುಟಿಯ ಮೇಲೆ ನಿಲ್ಲಿಸಿ, ಮಾತು ಪೂರ್ತಿ ಮುಗಿದು ಅದರ ಕೊನೆಯ ಉಸಿರೂ ಅಡಗಿದ ಮೇಲೆ, ಒಪ್ಪಿಗೆಯಾದರೆ ಒಮ್ಮೆ ತಲೆಯಾಡಿಸುತ್ತಾರೆ, ಆಗದಿದ್ದರೆ ‘ಅಂದರೆ?’ ಎನ್ನುತ್ತಾರೆ. ಫೋನಿನಲ್ಲಿ ಈ ಅಭ್ಯಾಸದಿಂದ ಆಗುವ ಫಜೀತಿ ಅಷ್ಟಿಷ್ಟಲ್ಲ. ಲೈನು ಕಟ್ಟಾಯಿತೆಂದುಕೊಂಡು ಅವರ ಅತ್ತೆ ಎಷ್ಟೋ ಸಲ ಅರ್ಧ ಕಥೆಗೇ ಫೋನಿಟ್ಟು, ಮತ್ತೆ ಮಾಡಿ, ಅದೇ ಕಥೆಯನ್ನು ಮೊದಲಿನಿಂದ ಹೇಳಿದ್ದುಂಟು. ಎರಡನೆಯ ಸಲವೂ ಅತ್ತಿಗೆ ಅಷ್ಟೇ ಶ್ರದ್ಧೆಯಿಂದ, ಅಷ್ಟೇ ನಿಶ್ಶಬ್ದವಾಗಿ ಕೇಳಿದ್ದೂ ಉಂಟು.

ನ್ಯಾಯವಾಗಿ ನೋಡಿದರೆ ಅವರು ಅತ್ತಿಗೆಯಾಗಬೇಕಾದದ್ದು ಒಬ್ಬನಿಗೆ ಮಾತ್ರ, ಅವರ ಮೈದುನನಿಗೆ. ಆದರೆ ಮಹಡಿಯ ಮೇಲಿನ ಮನೆಯಿಂದ ಅವನು ದಿನಕ್ಕೆ ಹತ್ತಾರು ಬಾರಿ ‘ಅತ್ತಿಗೇ’ ಎಂದು ಗಂಟಲು ಬಿಟ್ಟು ಕೂಗಿ ಕೂಗಿ ಬೀದಿಗೇ ಆ ಹೆಸರು ಹಿಡಿದುಬಿಟ್ಟಿತ್ತು. ಅಂಚೆಯವನೂ ಅತ್ತಿಗೆ ಎನ್ನುತ್ತಿದ್ದ; ಅವರ ಬಳಿ ಬರುವ ರೋಗಿಗಳ ಹೆಂಡಂದಿರೂ ಹಾಗೆಯೇ ಕರೆಯುತ್ತಿದ್ದರು.

ಅತ್ತಿಗೆಯ ವೃತ್ತಿ, ಮಾತು ಕಳೆದುಕೊಂಡವರಿಗೆ ಮಾತನ್ನು ಹಿಂದಕ್ಕೆ ತಂದುಕೊಡುವುದು. ಮಿದುಳಿನಲ್ಲಿ ಯಾವುದೋ ನಾಳ ಒಡೆದು ಅಥವಾ ಕಟ್ಟಿ, ನಾಲಿಗೆ ನೆಟ್ಟಗಿದ್ದರೂ ಪದ ಸಿಗದೆ ಪರದಾಡುವವರು ಆಸ್ಪತ್ರೆಯಿಂದ ಬಿಡುಗಡೆಯಾಗಿ ಅವರ ಮನೆಯ ಹಿಂಬದಿಯ ಕೋಣೆಗೆ ಬರುತ್ತಿದ್ದರು. ಆ ಕೋಣೆಯಲ್ಲಿ ಒಂದು ಮೇಜು, ಎರಡು ಕುರ್ಚಿ, ಒಂದು ಮೈಕು, ಒಂದು ಹಳೆಯ ಕಂಪ್ಯೂಟರು. ಗೋಡೆಗಳಿಗೆಲ್ಲ ದಪ್ಪ ಪರದೆ. ಪ್ರತಿಯೊಬ್ಬರ ಅಭ್ಯಾಸವನ್ನೂ ಅಲ್ಲಿ ಧ್ವನಿಮುದ್ರಿಸಿಕೊಂಡು, ಕಳೆದ ತಿಂಗಳು ಯಾವ ಅಕ್ಷರದಲ್ಲಿ ಎಡವಿದರು, ಈ ತಿಂಗಳು ಎಲ್ಲಿಯವರೆಗೆ ನಡೆದರು ಎಂದು ಅವರಿಗೇ ಕೇಳಿಸಿ ತೋರಿಸುವುದು ಅತ್ತಿಗೆಯ ಕ್ರಮ. ಹೂಂ ಎನ್ನದ ಗುಟ್ಟೂ ಇದೇ. ಬಹುಹೊತ್ತು ಹೆಣಗಿ ಒಬ್ಬರು ಹೊರಗೆಳೆದು ತಂದ ಒಂದಕ್ಷರದ ಮೇಲೆ ತಮ್ಮ ಹೂಂಕಾರ ಬಿದ್ದು ಅದು ಮುದ್ರಣದಲ್ಲಿ ಮುಚ್ಚಿಹೋಗಬಾರದೆಂದು ಎಂದೋ ಬಾಯಿ ಬಿಗಿಹಿಡಿದರು. ಆಮೇಲೆ ಅದೇ ಸ್ವಭಾವವಾಯಿತು. ಫ್ಯಾನಿನ ಸದ್ದು, ಹೀಟರಿನ ಸದ್ದು ಎರಡೂ ವರ್ಜ್ಯವಾದ್ದರಿಂದ ಬೇಸಿಗೆಯಲ್ಲಿ ಬೆವರುತ್ತ, ಚಳಿಗಾಲದಲ್ಲಿ ಮಂಡಿ ಮುಟ್ಟುವ ಕಂದು ಬಣ್ಣದ ಉಣ್ಣೆಯ ಕೋಟು ತೊಟ್ಟು ಕೂರುತ್ತಿದ್ದರು. ಆ ಕೋಟಿನ ತೋಳುಗಳಿಗೆ ಗುಂಡಿಗಳೇ ಇರಲಿಲ್ಲ. ಮೇಜಿಗೆ ತಗುಲಿ ಟಕ್ಕೆಂದೀತೆಂದು ಕತ್ತರಿಸಿ ಹಾಕಿದ್ದರು. ನಡಿಗೆಯೂ ಅಷ್ಟೇ. ಕಾಲುಚೀಲದ ಪಾದಗಳನ್ನು ನೆಲವನ್ನು ಕೇಳಿ ಕೇಳಿ ಇಡುವ ಹಾಗೆ ಬಂದು ಬೆನ್ನ ಹಿಂದೆ ನಿಂತುಬಿಡುತ್ತಿದ್ದ ಅವರನ್ನು ಕಂಡು ಮೈದುನ ಬೆಚ್ಚಿಬಿದ್ದು, ‘ಒಂದು ಗೆಜ್ಜೆನಾದ್ರೂ ಕಟ್ಕೊಳ್ಳಿ ಅತ್ತಿಗೆ, ಪುಣ್ಯ ಬರುತ್ತೆ’ ಎಂದು ಅಂಗಲಾಚಿದ್ದ.

ಈ ಮೈದುನ ವಿಮಾ ಕಚೇರಿಯೊಂದರಲ್ಲಿ ಗುಮಾಸ್ತ. ಒಮ್ಮೆ ಕೆಟ್ಟು ಕೂತಿದ್ದ ಪ್ರಿಂಟರಿಗೆ ಜೀವ ಬರಿಸಿದ ಒಂದೇ ಸಾಧನೆಯ ಮೇಲೆ ಮನೆತನದ ಕಂಪ್ಯೂಟರ್ ಪಂಡಿತನೆಂಬ ಪಟ್ಟ ಅವನಿಗೆ ಸಿಕ್ಕಿತ್ತು, ಅವನೂ ಅದನ್ನು ಸಂಕೋಚವಿಲ್ಲದೆ ಧರಿಸಿದ್ದ. ಬೀದಿ ಕೊನೆಯ ಔಷಧಿ ಅಂಗಡಿಯವನ ಕಂಪ್ಯೂಟರಿಗೆ ಯಾವುದೋ ವೈರಸ್ಸು ಹೊಕ್ಕು ಅದರಲ್ಲಿದ್ದುದೆಲ್ಲ ಬೀಗ ಹಾಕಿದಂತಾಗಿ, ಅವನು ಅಂಗಡಿಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತ ದಿನ ಅತ್ತಿಗೆಯ ಎದೆ ಧಸಕ್ಕೆಂದಿತು. ಅವರ ಕಂಪ್ಯೂಟರಿನಲ್ಲಿ ಇದ್ದುದು ಬರಿಯ ಕಡತಗಳಲ್ಲ, ಜನರ ಅಳು, ತೊದಲು, ಬೈಗುಳ. ಅದರಲ್ಲೂ ಮೇಷ್ಟ್ರದು.

ಮೇಷ್ಟ್ರು ಗಣಿತ ಕಲಿಸಿದವರು, ಕೊನೆಯ ಬೆಂಚಿಗೂ ಮುಟ್ಟುವ ಕಂಠದವರು. ಈಗ ನೀರು ಬೇಕಾದರೆ ಬಾಗಿಲು ಎನ್ನುತ್ತಿದ್ದರು. ಅದು ತಪ್ಪೆಂದು ತಮಗೇ ಗೊತ್ತಾಗಿ ಮೇಜು ಗುದ್ದುತ್ತಿದ್ದರು. ಬೇಕಾದ ಪದಗಳೆಲ್ಲ ಕೈಕೊಟ್ಟರೂ ಕೆಟ್ಟ ಬೈಗುಳಗಳು ಮಾತ್ರ ಹೇಗೋ ಉಳಿದುಕೊಂಡು, ಸಿಟ್ಟು ಬಂದಾಗ ಸ್ವಚ್ಛವಾಗಿ ಉದುರುತ್ತಿದ್ದವು. ‘ಇವರ ಬಾಯಲ್ಲಿ ಇಂಥ ಮಾತನ್ನ ನಾನು ಜನ್ಮದಲ್ಲಿ ಕೇಳಿರಲಿಲ್ಲ’ ಎಂದು ಅವರ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಿದ್ದರು. ಮೊದಲ ದಿನ ಮೈಕು ಕಂಡಾಗ ಮೇಷ್ಟ್ರು ತಮ್ಮ ಕಿವಿ ತೋರಿಸಿ, ಕಿಟಕಿಯಾಚೆಯ ಬೀದಿಯನ್ನು ತೋರಿಸಿ, ಬಲವಾಗಿ ಕೈ ಅಲ್ಲಾಡಿಸಿದ್ದರು. ಹೊರಗಿನವರು ಯಾರೂ ಕೇಳಬಾರದು. ಅತ್ತಿಗೆ ಒಮ್ಮೆ ತಲೆಯಾಡಿಸಿದ್ದರು.

ಆಂಟಿವೈರಸ್ ಬೇಕೆಂದು ಕೇಳಿದ್ದೇ ತಡ, ಮೈದುನ ಪುಕ್ಕಟೆಯದೊಂದನ್ನು ತಂದು ಹಾಕಿದ. ಅಷ್ಟಕ್ಕೆ ತೃಪ್ತಿಯಾಗದೆ, ಒಂದಕ್ಕಿಂತ ಎರಡು ವಾಸಿ ಎಂಬ ತರ್ಕದಿಂದ ಅದರ ಮೇಲೆ ಇನ್ನೊಂದನ್ನು ಹಾಕಿದ. ಆ ಎರಡು ಕಾವಲುಗಾರರು ಕಳ್ಳನನ್ನು ಹುಡುಕುವುದು ಬಿಟ್ಟು ಒಬ್ಬರ ಜೇಬನ್ನೊಬ್ಬರು ತಡಕಾಡುತ್ತ ಕೂತದ್ದರಿಂದ ಕಂಪ್ಯೂಟರು ಬಸವನ ಹುಳುವಾಯಿತು. ಅತ್ತಿಗೆ ಎರಡನ್ನೂ ತೆಗೆಸಿ, ಕೋಟು ತೊಟ್ಟು, ‘ಕಂಪ್ಯೂಟರ್ ಅಂಗಡಿಗೇ ಹೋಗೋಣ, ನಡಿ’ ಎಂದರು.

ಅಂಗಡಿಯವನು ಬಣ್ಣಬಣ್ಣದ ಡಬ್ಬಿಗಳನ್ನು ಗಾಜಿನ ಮೇಲೆ ಸಾಲಾಗಿ ಹರಡಿದ.

‘ಇದು ತಗೊಳ್ಳಿ ಮೇಡಂ. ಎಲ್ಲಾ ತಡೆಯುತ್ತೆ.’

‘ಎಲ್ಲಾ ಅಂದರೆ?’

‘ಎಲ್ಲಾನೂ! ಅನುಮಾನ ಬಂದ ಫೈಲನ್ನ ತಕ್ಷಣ ಹಿಡಿದು ಹಾಕುತ್ತೆ.’

‘ಹಿಡಿದದ್ದು ಎಲ್ಲಿಗೆ ಹೋಗುತ್ತೆ?’

ಅಂಗಡಿಯವನಿಗೆ ಈ ಪ್ರಶ್ನೆಯನ್ನು ಅದುವರೆಗೆ ಯಾವ ಗಿರಾಕಿಯೂ ಕೇಳಿರಲಿಕ್ಕಿಲ್ಲ. ಡಬ್ಬಿಯ ಬೆನ್ನನ್ನು ಓದಿದ, ಕಂಪ್ಯೂಟರಿನಲ್ಲಿ ಹಾಕಿ ಒಂದೊಂದೇ ಪುಟ ತೆರೆದ. ಅನುಮಾನದ ಕಡತಗಳ ಒಂದು ಪ್ರತಿಯನ್ನು ಪರೀಕ್ಷೆಗೆಂದು ತಯಾರಕರಿಗೆ ಕಳಿಸುವುದಕ್ಕೆ ನಮ್ಮ ಪರವಾಗಿ ಮೊದಲೇ ಒಪ್ಪಿಗೆಯ ಗುರುತು ಹಾಕಿಟ್ಟಿತ್ತು. ‘ಮೇಷ್ಟ್ರ ಅಳು ಇದಕ್ಕೆ ಅನುಮಾನ ಅನ್ನಿಸಿಬಿಟ್ರೆ?’ ಎಂದರು ಅತ್ತಿಗೆ. ಮೈದುನನಿಗೆ ನಗು ಬಂತು, ಅವರಿಗೆ ಬರಲಿಲ್ಲ. ಆ ಗುರುತನ್ನು ಅಳಿಸಲು ಬರುವ ತಂತ್ರಾಂಶ ಯಾವುದು, ಹೊಸ ವೈರಸ್ಸುಗಳ ಪರಿಚಯವನ್ನು ಪ್ರತಿದಿನ ತಾನಾಗಿ ತಂದುಕೊಳ್ಳುವುದು ಯಾವುದು, ಹೊರಗಿನಿಂದ ಬರುವವರನ್ನಲ್ಲದೆ ಒಳಗಿನಿಂದ ಹೊರಡುವವರನ್ನೂ ಬಾಗಿಲಲ್ಲೇ ನಿಲ್ಲಿಸಿ ಯಜಮಾನರನ್ನು ಕೇಳುವ ಫೈರ್‌ವಾಲ್ ಯಾವುದರಲ್ಲಿದೆ ಎಂದು ಒಂದೊಂದನ್ನೂ ಬಿಡಿಸಿ ನೋಡುವ ಹೊತ್ತಿಗೆ ಅಂಗಡಿಯವನ ಚಹಾ ಆರಿ ತಣ್ಣಗಾಯಿತು. ಕೊನೆಗೆ ಅತ್ತಿಗೆ ಆರಿಸಿದ್ದು ಅಷ್ಟೇನೂ ಬಣ್ಣವಿಲ್ಲದ ಒಂದು ಡಬ್ಬಿಯನ್ನು. ‘ನಿಮ್ಮನ್ನ ಈ ಅಂಗಡೀಲಿ ಕೆಲಸಕ್ಕೆ ಇಟ್ಕೊಂಡ್ರೆ ಒಂದು ಡಬ್ಬೀನೂ ಖರ್ಚಾಗಲ್ಲ’ ಎಂದು ಅಂಗಡಿಯವನು ಕೈಮುಗಿದ. ಅದು ಬೈಗುಳವಾಗಿರಲಿಲ್ಲ.

ಫೈರ್‌ವಾಲ್ ಬಂದ ಮೇಲೆ ತೆರೆಯ ಮೂಲೆಯಲ್ಲಿ ಆಗಾಗ ಒಂದು ಪ್ರಶ್ನೆ ಮೂಡತೊಡಗಿತು: ಇಂಥ ತಂತ್ರಾಂಶ ಹೊರಗೆ ಹೋಗಬೇಕೆನ್ನುತ್ತಿದೆ, ಬಿಡಲೇ? ನಮ್ಮಂಥವರು ಇಂಥ ಪ್ರಶ್ನೆಗೆ ನೊಣ ಓಡಿಸುವಂತೆ ‘ಸರಿ’ ಒತ್ತಿ ಮುಂದಕ್ಕೆ ಹೋಗುತ್ತೇವೆ. ಅತ್ತಿಗೆ ಗಲ್ಲಕ್ಕೆ ಕೈಕೊಟ್ಟು ಓದುತ್ತಿದ್ದರು, ಕೇಳಿದವನ ಹೆಸರನ್ನು ಹುಡುಕಿ ಅವನ ಕುಲಗೋತ್ರ ವಿಚಾರಿಸುತ್ತಿದ್ದರು, ಆಮೇಲೆ ಒಂದನ್ನು ಒತ್ತುತ್ತಿದ್ದರು. ಮಹಡಿಯಿಂದ ಇಳಿದು ಬಂದ ಮೈದುನ ಇದನ್ನು ನೋಡಿ, ‘ಅತ್ತಿಗೆ, ಇದು ಕಂಪ್ಯೂಟರು, ವಧು ಪರೀಕ್ಷೆ ಅಲ್ಲ’ ಎಂದು ಮೂಗು ಮುರಿಯುತ್ತಿದ್ದ.

ಒಂದು ಮಧ್ಯಾಹ್ನ ಮೇಷ್ಟ್ರ ಹಿಂದಿನ ಅಭ್ಯಾಸವನ್ನು ತೆರೆದಾಗ ಆ ಪ್ರಶ್ನೆ ಮೂಡಿತು. ಹೊರಗೆ ಹೋಗಲು ಕೇಳುತ್ತಿದ್ದುದು, ಧ್ವನಿಮುದ್ರಣದ ಗುಂಯ್‌ಗುಟ್ಟುವಿಕೆಯನ್ನು ತೊಳೆದು ಶುದ್ಧ ಮಾಡುವ ಒಂದು ಪುಟ್ಟ ತಂತ್ರಾಂಶ. ಎಲ್ಲಿಯೋ ಪುಕ್ಕಟೆ ಸಿಕ್ಕಿತೆಂದು ಮೈದುನನೇ ಕೆಲವು ತಿಂಗಳ ಹಿಂದೆ ಅಕ್ಕರೆಯಿಂದ ತಂದು ಹಾಕಿಕೊಟ್ಟದ್ದು ಅದು.

‘ಹೊಸ ಆವೃತ್ತಿ ಬಂದಿದೆಯಾ ಅಂತ ನೋಡ್ತಿರಬಹುದು. ಬಿಡಿ ಅತ್ತಿಗೆ’ ಎಂದ.

ಅತ್ತಿಗೆ ಬಿಡಲಿಲ್ಲ. ತಂತ್ರಾಂಶವನ್ನು ಬರಿದೇ ತೆರೆದರು, ಅದು ಸುಮ್ಮನಿತ್ತು. ಮೇಷ್ಟ್ರ ಧ್ವನಿಯನ್ನು ಅದರಲ್ಲಿ ತೆರೆದರು, ಹೊರಗೆ ಹೋಗಲು ಕೇಳಿತು. ತಮ್ಮ ಕೋಟಿನ ತೋಳನ್ನು ಮೈಕಿಗೆ ಉಜ್ಜಿ ಆ ಸರಸರ ಸದ್ದನ್ನು ಮುದ್ರಿಸಿ ಅದನ್ನು ತೆರೆದರು, ಆಗಲೂ ಕೇಳಿತು. ಯಾವುದೇ ಧ್ವನಿ ಕೈಗೆ ಸಿಕ್ಕೊಡನೆ ಅದಕ್ಕೆ ಹೊರಗೆ ಹೋಗುವ ಅವಸರ. ಮೈದುನ ಅದರ ಒಪ್ಪಂದದ ಉದ್ದನೆಯ ಬರಹವನ್ನು ಮೊದಲ ಬಾರಿಗೆ ತೆರೆದು ಓದಿದ. ಗುಣಮಟ್ಟದ ಸುಧಾರಣೆಗಾಗಿ ಧ್ವನಿಯ ತುಣುಕುಗಳನ್ನು ತಯಾರಕರಿಗೆ ಕಳಿಸಬಹುದೆಂದು ಎಲ್ಲಿಯೋ ನಡುವೆ ಒಂದು ಸಾಲಿತ್ತು. ಅವನ ಮುಖ ಇಂಗು ತಿಂದ ಮಂಗನಂತಾಯಿತು.

‘ಫೈರ್‌ವಾಲ್ ಹಾಕೋಕೆ ಮುಂಚೆ?’ ಅತ್ತಿಗೆ ಕೇಳಿದರು.

‘ಮುಂಚೆ... ತಡೆದು ಕೇಳೋರು ಇರಲಿಲ್ಲ.’

ಏನು ಹೋಯಿತು, ಎಷ್ಟು ಹೋಯಿತು, ಯಾರಾದರೂ ಕೇಳಿದರೋ ಇಲ್ಲವೋ, ಯಾವುದನ್ನೂ ತಿಳಿಯುವ ದಾರಿ ಇರಲಿಲ್ಲ. ಅತ್ತಿಗೆ ತಂತ್ರಾಂಶವನ್ನು ಕಿತ್ತು ಹಾಕಿದರು. ಆಮೇಲೆ ಸಂಜೆಯವರೆಗೆ ಮಿಕ್ಕ ತಂತ್ರಾಂಶಗಳನ್ನೂ ಒಂದೊಂದಾಗಿ ಪರೀಕ್ಷಿಸಿದರು.

‘ನಾಳೆ ಮೇಷ್ಟ್ರಿಗೆ ಹೇಳ್ತೀನಿ’ ಎಂದರು.

ಮೈದುನ ಕುರ್ಚಿಯಿಂದ ಎದ್ದೇಬಿಟ್ಟ. ‘ಹೇಳಬೇಡಿ ಅತ್ತಿಗೆ. ಆಗಿದ್ದು ಆಗಿಹೋಯ್ತು. ನೀವು ಹೇಳಿದ್ರೆ ಅವರು ಇನ್ನು ಈ ಕಡೆ ತಲೆ ಹಾಕಲ್ಲ. ಈಗಷ್ಟೇ ನಾಲ್ಕು ಪದ ಬರ್ತಿದೆ. ಈ ತಿಂಗಳುಗಳು ತಪ್ಪಿದ್ರೆ ಆಮೇಲೆ ಬರಲ್ಲ ಅಂತ ನೀವೇ ಹೇಳಿದ್ರಲ್ಲ? ಅವರಿಗೆ ಗೊತ್ತಾಗೋ ವಿಷಯವೇ ಅಲ್ಲ ಇದು.’

ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ, ಅದು ಅತ್ತಿಗೆಗೂ ಗೊತ್ತಿತ್ತು. ಸತ್ಯ ಹೇಳಿದರೆ ಮೇಷ್ಟ್ರ ಮಾತು ಅರ್ಧದಾರಿಯಲ್ಲಿ ನಿಂತೀತು. ಹೇಳದಿದ್ದರೆ ಅವರು ನಂಬಿಕೆಯಿಂದ ಬಂದು ಕೂರುವ ಕುರ್ಚಿಯೇ ಸುಳ್ಳಾದೀತು. ಮಾತಿಗಿಂತ ದೊಡ್ಡದು ಯಾವುದೂ ಇಲ್ಲವೆಂದು ಇಡೀ ಜೀವಮಾನ ನಂಬಿದವರು ಆ ಸಂಜೆ ಆ ಎರಡರ ನಡುವೆ ಒದ್ದಾಡಿದ್ದನ್ನು ಮೈದುನ ಕಣ್ಣಾರೆ ಕಂಡ, ಮತ್ತು ತನ್ನ ಬಗ್ಗೆ ತಾನೇ ಹೇಸಿಕೊಂಡ.

‘ಧ್ವನಿ ಅವರದು’ ಎಂದರು ಅತ್ತಿಗೆ ಕೊನೆಗೆ. ‘ಇರೋದೋ ಬಿಡೋದೋ ಅವರೇ ನಿರ್ಧಾರ ಮಾಡಲಿ.’

‘ನನ್ನಿಂದ ಆಯ್ತು ಅಂತ ಹೇಳಿ ಹಾಗಾದ್ರೆ.’

‘ನಿನ್ನಿಂದ ಅಲ್ಲ. ಎಲ್ಲರನ್ನೂ ಅಂದರೆ ಅಂದರೆ ಅಂತ ತಲೆ ತಿಂತೀನಿ. ಇದನ್ನ ಮಾತ್ರ ಮನೆ ಹುಡುಗ ತಂದುಕೊಟ್ಟದ್ದು ಅಂತ ಕೇಳದೆ ಇಟ್ಕೊಂಡೆ.’

ಮೈದುನನಿಗೆ ನಾಲ್ಕು ಬೈದಿದ್ದರೆ ಹಗುರಾಗುತ್ತಿತ್ತು.

ಮರುದಿನ ಮೇಷ್ಟ್ರೂ ಅವರ ಹೆಂಡತಿಯೂ ಬಂದಾಗ ಅತ್ತಿಗೆ ಅವನನ್ನೂ ಕೋಣೆಗೆ ಕರೆದು ಕೂರಿಸಿಕೊಂಡರು. ಮೈಕಿನ ತಂತಿಯನ್ನು ಮೊದಲೇ ಬಿಚ್ಚಿ ಬದಿಗಿಟ್ಟಿದ್ದರು. ಮೇಷ್ಟ್ರಿಗೆ ಉದ್ದನೆಯ ವಾಕ್ಯಗಳು ಹಿಡಿಯುವುದಿಲ್ಲವಾದ್ದರಿಂದ ಒಂದೊಂದೇ ಚಿಕ್ಕ ಮಾತನ್ನು ಬಿಡಿಸಿ ಇಟ್ಟರು. ‘ನಿಮ್ಮ ಧ್ವನಿ ಇಲ್ಲೇ ಇರುತ್ತೆ ಅಂತ ಒಪ್ಕೊಂಡಿದ್ದೆ. ಈ ಕಂಪ್ಯೂಟರಲ್ಲಿ ಒಂದು ತಪ್ಪು ತಂತ್ರಾಂಶ ಇತ್ತು. ಸ್ವಲ್ಪ ಧ್ವನಿ ಹೊರಗೆ ಹೋಗಿರಬಹುದು. ಹೋಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ. ಈಗ ನಿಲ್ಲಿಸಿದ್ದೀನಿ. ತಪ್ಪು ನನ್ನದು.’ ಸಮರ್ಥನೆಯಿಲ್ಲ, ಕಣ್ಣೀರಿಲ್ಲ. ಒಂದು ಪದವೂ ಹೆಚ್ಚಿರಲಿಲ್ಲ.

ಮೇಷ್ಟ್ರ ಮುಖ ಕೆಂಪೇರಿತು. ಆ ಉಳಿದುಕೊಂಡಿದ್ದ ಬೈಗುಳಗಳಲ್ಲೊಂದು ಸಿಡಿದು ಬಂತು, ಅವರ ಹೆಂಡತಿ ಮುಖ ಮುಚ್ಚಿಕೊಂಡರು. ಮೇಜು ಹಿಡಿದು ಎದ್ದು, ಸೋತ ಬಲಗಾಲನ್ನು ಎಳೆಯುತ್ತ ಬಾಗಿಲ ತನಕ ಹೋಗಿ, ಚೌಕಟ್ಟಿಗೆ ಕೈಕೊಟ್ಟು ಇವರಿಗೆ ಬೆನ್ನು ಹಾಕಿ ನಿಂತರು. ಮುಗಿಯಿತು ಎಂದುಕೊಂಡ ಮೈದುನ. ಅತ್ತಿಗೆ ತಡೆಯಲಿಲ್ಲ, ಕರೆಯಲಿಲ್ಲ. ಅವರ ಬೆನ್ನು ಮಾತಾಡುತ್ತಿದೆಯೇನೋ ಎಂಬಂತೆ ಅದನ್ನೇ ನೋಡುತ್ತ, ತುದಿಯವರೆಗೂ ಕೇಳಲು ಸಿದ್ಧರಾಗಿ ಕೂತಿದ್ದರು.

ಮೇಷ್ಟ್ರು ತಿರುಗಿದರು. ಹೋದಷ್ಟೇ ಕಷ್ಟದಿಂದ ಹಿಂದಕ್ಕೆ ಬಂದರು, ಕೂತರು. ಎಡಗೈಯಿಂದ ಮೈಕನ್ನು ತಮ್ಮತ್ತ ಎಳೆದುಕೊಂಡು, ಬಿಚ್ಚಿಟ್ಟಿದ್ದ ತಂತಿಯನ್ನು ಎತ್ತಿ ಅತ್ತಿಗೆಯ ಕೈಗೆ ಕೊಟ್ಟರು. ತುಟಿಗಳು ಹೆಣಗಿದವು, ಕತ್ತಿನ ನರ ಉಬ್ಬಿತು.

‘ಹೇ... ಹೇಳಿದ್ರಿ’ ಎಂದರು.

ಬೇಕಾದ ಪದ, ಬೇಕಾದ ಹೊತ್ತಿಗೆ, ಯಾರೂ ಎತ್ತಿಕೊಡದೆ ತಾನಾಗಿ ಬಂದದ್ದು ಅದೇ ಮೊದಲು. ಅದನ್ನು ಮುದ್ರಿಸಿಕೊಳ್ಳಲು ತಂತಿ ಸಿಕ್ಕಿಸಿರಲಿಲ್ಲ. ಅತ್ತಿಗೆ ಆ ತಂತಿಯನ್ನು ಹಿಡಿದುಕೊಂಡೇ ಗೋಡೆಯ ಕಡೆ ಮುಖ ತಿರುಗಿಸಿದರು, ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಅಭ್ಯಾಸ ಶುರುವಾಯಿತು.

ಇಂಥವರೊಡನೆ ಬಾಳುವುದು ಸುಲಭವೆಂದು ಮೈದುನನೂ ಹೇಳುವುದಿಲ್ಲ. ಅವರಿಂದ ಪ್ರತಿಯೊಂದಕ್ಕೂ ತಡ, ಪ್ರತಿಯೊಂದಕ್ಕೂ ಪ್ರಶ್ನೆ, ಅಂಗಡಿಯಲ್ಲಿ ನಮ್ಮ ಕಾಲು ಸೋಲುತ್ತದೆ, ತಾಳ್ಮೆ ತೀರುತ್ತದೆ. ಎಚ್ಚರ ಎಷ್ಟೇ ಇದ್ದರೂ ಒಂದಲ್ಲ ಒಂದು ದಿನ ಅವರ ಕಣ್ಣೂ ತಪ್ಪುತ್ತದೆ, ಅದೂ ಬಹುಮಟ್ಟಿಗೆ ಪ್ರೀತಿಯ ಕಡೆಯಿಂದಲೇ. ಆದರೆ ಕಣ್ಣು ತಪ್ಪಿದ್ದನ್ನು ನಾವು ಕೇಳುವ ಮೊದಲೇ, ನಮಗೆಂದೂ ಗೊತ್ತಾಗುವ ಸಂಭವವೇ ಇಲ್ಲದಿದ್ದರೂ, ಎದುರಿಗೆ ಕೂತು ಹೇಳುವವರು ಇವರೇ. ಯಾರಿಗೂ ತೋರಿಸಲಾಗದ ನಮ್ಮ ಅಳುವನ್ನು ಎಲ್ಲಾದರೂ ಇಟ್ಟು ಬರಬೇಕಾಗಿ ಬಂದ ದಿನ, ಏನೂ ಆಗುವುದಿಲ್ಲವೆಂದು ಎದೆ ತಟ್ಟಿ ಹೇಳುವವರ ಮನೆಯನ್ನು ದಾಟಿ, ಇಂಥವರ ಮನೆಯ ಬಾಗಿಲನ್ನೇ ಹುಡುಕಿಕೊಂಡು ಹೋಗುತ್ತೇವೆ.