ನೆಲಕ್ಕೆ ಚೆಲ್ಲಿದ ಗಂಜಿತಿಳಿ

ಸುಹರಾಳಿಗೆ ಈಗ ಮಗ್ಗುಲು ಬದಲಿಸಬೇಕಾದರೂ ಮಗಳು ರಮ್ಲತ್ ಬರಬೇಕು. ಕಡಬ ಪೇಟೆಯ ಹೋಟೆಲೊಂದರಲ್ಲಿ ಅಡುಗೆ ಮಾಡುತ್ತಿದ್ದವಳು, ಸಾರಿನ ಪಾತ್ರೆ ಹಿಡಿದು ನಡೆಯುವಾಗ ಜಾರಿ ಬಿದ್ದಳು. ಸೊಂಟದ ಮೂಳೆ ಮುರಿಯಿತು, ತೊಡೆ ಸುಟ್ಟಿತು. ಇನ್ನು ಭಾರ ಎತ್ತುವಂತಿಲ್ಲ ಎಂದಿದ್ದಾರೆ ಡಾಕ್ಟರು.

ಆಶಾ ಕಾರ್ಯಕರ್ತೆ ಭವಿತಾ ಗಾಯ ನೋಡಲು ಬಂದಾಗ ಹೋಟೆಲಿನ ಮಾಲಕ ಯೂಸುಫ್ ಅಲ್ಲೇ ಕುಳಿತಿದ್ದರು.

“ನಾಳೆಯಿಂದ ರಮ್ಲತ್ ಬರ್ಲಿ ಸುಹರಾ. ನಿನ್ನ ಕೆಲಸ ಬೇರೆಯವರಿಗೆ ಕೊಡ್ಲಿಕ್ಕೆ ಮನಸ್ಸಿಲ್ಲ.”

ಸುಹರಾ ಗೋಡೆಯ ಕಡೆ ಮುಖ ತಿರುಗಿಸಿದಳು.

“ಬಿದ್ದದ್ದು ಹೇಗೆ ಸುಹರಕ್ಕ?” ಭವಿತಾ ಕೇಳಿದಳು.

“ಎಂತ ಮಾಡುದು, ವಿಧಿ,” ಎಂದರು ಯೂಸುಫ್.

“ವಿಧಿ ನಿಮ್ಮ ಅಡುಗೆಮನೆಯಲ್ಲೇ ಯಾಕೆ ಕಾದು ಕೂತದ್ದು ಯೂಸುಫಾಕ? ನೆಲದಲ್ಲಿ ಎಂತ ಇತ್ತು?”

“ಗಂಜಿತಿಳಿ,” ಎಂದಳು ಸುಹರಾ ಮೆಲ್ಲಗೆ. “ಮೀನು ಹುರಿದ ಎಣ್ಣೆ ನೆಲಕ್ಕೆ ಹಾರ್ತದಲ್ಲ. ಅನ್ನ ಬಸಿದ ಬಿಸಿ ತಿಳಿ ಚೆಲ್ಲಿ ಹಿಡಿಸೂಡಿಯಲ್ಲಿ ಗುಡಿಸಿ ತಳ್ಳಿದ್ರೆ ಜಿಡ್ಡು ಹೋಗ್ತದೆ ಅಂತ. ಎಲ್ಲರೂ ಹಾಗೇ ಮಾಡುದು.”

“ಹೋಗುದಿಲ್ಲ ಅಕ್ಕ. ತಿಳಿ ತಣಿದು ಎಣ್ಣೆಯ ಜೊತೆ ಲೋಳೆ ಆಗ್ತದೆ. ತಿಳಿಯನ್ನು ಬಕೆಟಿಗೇ ಬಸಿಯಬೇಕು. ಎಣ್ಣೆ ಬಿದ್ದ ಕೂಡಲೇ ಸೋಪುನೀರಲ್ಲಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಬೇಕು. ಕಾಲಿಗೆ ಎಂತ ಹಾಕಿದ್ರಿ?”

“ಅನ್ನ ಬೇಯಿಸುವಲ್ಲಿಗೆ ಚಪ್ಪಲಿ ಹಾಕಿ ಹೋಗುದಾ?” ರಮ್ಲತ್ ನಡುವೆ ಬಂದಳು. “ಉಮ್ಮ ಬರಿಗಾಲಲ್ಲೇ ಇದ್ದದ್ದು.”

“ರಸ್ತೆಯ ಚಪ್ಪಲಿ ಬೇಡ ಮಾರಾಯ್ತಿ. ಜಾರದ ಅಡಿ ಇರುವ, ಬೆರಳು ಮುಚ್ಚುವ ಶೂ ಒಂದು ಜೊತೆ ಅಡುಗೆಮನೆಯಲ್ಲೇ ಇರ್ಲಿ. ಹೊರಗೆ ಹಾಕುದೇ ಬೇಡ.”

“ಮಧ್ಯಾಹ್ನದ ರಶ್ಶಿನಲ್ಲಿ ನೆಲ ಒರೆಸ್ತಾ ಕೂತ್ರೆ ಗಿರಾಕಿಗಳು ಎದ್ದು ಹೋಗ್ತಾರೆ,” ಯೂಸುಫ್ ಗೊಣಗಿದರು.

ರಮ್ಲತ್ ತಾಯಿಯ ಮಗ್ಗುಲು ತಿರುಗಿಸಿದಳು. ಸುಹರಾ ಹಲ್ಲು ಕಚ್ಚಿದರೂ ನರಳಿಕೆ ಹೊರಗೆ ಬಂತು. ಯೂಸುಫ್ ತಲೆ ತಗ್ಗಿಸಿದರು.

“ಮನೆಯಲ್ಲಿ ಒಲೆ ಉರಿಯದಿದ್ರೂ ಅಡ್ಡಿಯಿಲ್ಲ ಯೂಸುಫಾಕ,” ಎಂದಳು ಸುಹರಾ, ಉಸಿರು ಮರಳಿದ ಮೇಲೆ. “ಆ ನೆಲಕ್ಕೆ ನನ್ನ ಮಗಳನ್ನು ಕಳಿಸುದಿಲ್ಲ.”

ಯೂಸುಫ್ ತಲೆಯೆತ್ತಿದರು. “ಶೂ ಎಲ್ಲರಿಗೂ ನಾನೇ ತರ್ತೇನೆ. ತಿಳಿಗೆ ಬಕೆಟೂ ಇಡುವ, ಎಣ್ಣೆ ಬಿದ್ದ ಕೂಡಲೇ ನೆಲವೂ ಒರೆಸುವ. ಭವಿತಾ, ನೀನು ಬಂದು ನೆಲ ನೋಡು. ನೀನು ಆದೀತು ಅಂದ ಮೇಲೆ ರಮ್ಲತ್ ಬರ್ಲಿ.”

ಭವಿತಾ ಹೋಗಿ ನೋಡಿ ಬಂದು, ಆದೀತು ಅಂದಳು. ರಮ್ಲತ್ ಈಗ ಕೆಲಸಕ್ಕೆ ಹೋಗುತ್ತಾಳೆ. ಸಂಜೆ ಅವಳು ಬಾಗಿಲು ತೆರೆಯುವವರೆಗೆ ಸುಹರಾಳಿಗೆ ನೆಮ್ಮದಿಯಿಲ್ಲ.

ಹೋಟೆಲಿನವರೇ, ಅಡುಗೆಯ ಅಕ್ಕಂದಿರೇ, ಅಣ್ಣಂದಿರೇ, ಇವತ್ತೇ ನಿಮ್ಮ ಒಲೆಯ ಬುಡದ ನೆಲವನ್ನು ಮುಟ್ಟಿ ನೋಡಿ. ಬೆರಳು ಜಾರಿದರೆ ಕೈಯಲ್ಲಿರುವ ಪಾತ್ರೆ ಕೆಳಗಿಡಿ, ಮೊದಲು ನೆಲ ಒರೆಸಿ. ಗಿರಾಕಿ ಸ್ವಲ್ಪ ಕಾಯುತ್ತಾನೆ. ಮುರಿದ ಸೊಂಟ ಮೊದಲಿನಂತಾಗುವುದಿಲ್ಲ.