ಒಣಬಾಯಿಯ ಸಾಕ್ಷಿ

ಬೆಳಗಿನ ಜಾವ ನಾಲ್ಕೂವರೆಗೆ ವಾರ್ಡನ್ ಮುನಿನಾರಾಯಣಪ್ಪನವರು ಎಂದಿನಂತೆ ಕಿವಿಗೆ ಮಫ್ಲರ್ ಸುತ್ತಿಕೊಂಡು, ಕಬ್ಬಿಣದ ಸರಳು ಹಿಡಿದು ಹಾಸ್ಟೆಲಿನ ಅಂಗಳದ ಹೊಂಗೆಮರದ ಕೆಳಗೆ ನಿಂತರು. ನಿದ್ದೆಗಣ್ಣಿನಲ್ಲೇ ಬಲವಾಗಿ ಬೀಸಿದರು. ಸರಳು ಗಾಳಿಗೆ ಹೊಡೆದು, ಸುತ್ತಿಕೊಂಡು ಬಂದು ಅವರ ಮೊಣಕಾಲಿಗೇ ಬಡಿಯಿತು. ಗಂಟೆಯೆಂದು ಮರಕ್ಕೆ ತೂಗುಹಾಕಿದ್ದ ರೈಲುಹಳಿಯ ತುಂಡು ಅಲ್ಲಿರಲಿಲ್ಲ. ಸರಪಳಿ ಮಾತ್ರ ಇತ್ತು.

ಅಂದು ಹಾಸ್ಟೆಲಿನ ಹುಡುಗರು ಬಿಸಿಲು ಮುಖಕ್ಕೆ ಬೀಳುವವರೆಗೆ ಮಲಗಿದರು. ಮರುದಿನವೂ ಹಾಗೆಯೇ. ಅದರ ಮರುದಿನ ಅವರ ಮುಖದ ಮೇಲೆ ಬಂದಿದ್ದ ಕಳೆಯನ್ನು ನೋಡಿದ ವಾರ್ಡನ್‌ಗೆ ಕಳ್ಳ ಒಳಗಿನವನೇ ಎಂಬುದು ಖಚಿತವಾಯಿತು. "ಹಳಿ ಸಿಗೋವರೆಗೂ ಒಬ್ಬನಿಗೂ ನಡತೆ ಪತ್ರ ಕೊಡಲ್ಲ," ಎಂದು ಊಟದ ಪಂಕ್ತಿಯಲ್ಲಿ ಸಾರಿದರು.

ಉಳಿದವರಿಗೆ ಇದು ಅಷ್ಟಾಗಿ ನಾಟಲಿಲ್ಲ. ಚನ್ನಕೇಶವನಿಗೆ ಮಾತ್ರ ಬಾಯಲ್ಲಿದ್ದ ಮುದ್ದೆ ಅಲ್ಲೇ ನಿಂತಿತು.

ಅವನದು ಅಂಬಾಜಿದುರ್ಗದ ತಪ್ಪಲಿನ ಹಳ್ಳಿ. ಚಿಂತಾಮಣಿಯಲ್ಲಿ ಪಿ.ಯು.ಸಿ. ಮುಗಿಸುವುದು, ಬೆಂಗಳೂರಿಗೆ ಹೋಗಿ ಬಿ.ಎ. ಮಾಡುವುದು, ಆಮೇಲೆ ಲಾ, ಅದರಲ್ಲೂ ಕ್ರಿಮಿನಲ್ ಲಾ. ಇಷ್ಟನ್ನು ಅವನು ಹೈಸ್ಕೂಲಿನಲ್ಲೇ ತೀರ್ಮಾನಿಸಿದ್ದ. ಶನಿವಾರ ಮಧ್ಯಾಹ್ನ ಗೆಳೆಯರು ಟೆಂಟ್ ಸಿನಿಮಾಕ್ಕೆ ಹೋದರೆ ಇವನು ಕೋರ್ಟಿನಿಂದ ಬರುವ ಗುಮಾಸ್ತರನ್ನು ಹಿಡಿದು, ವಾರದಲ್ಲಿ ನಡೆದ ವಿಚಾರಣೆಯನ್ನೆಲ್ಲ ಹೇಳಿಸಿಕೊಳ್ಳುತ್ತಿದ್ದ. ಮುಖಪುಟ ಹರಿದ ಒಂದು ಸಾಕ್ಷ್ಯ ಕಾಯಿದೆಯ ಪುಸ್ತಕ ಅವನ ದಿಂಬಿನ ಕೆಳಗಿತ್ತು. ಅವನ ಅಜ್ಜಿ ಅಕ್ಕಯ್ಯಮ್ಮನಿಗೆ ಮಾತ್ರ ಇದೆಲ್ಲ ದಂಡವೆನಿಸಿತ್ತು. "ಕ್ರಿಮಿನಲ್ ಕಲಿಯೋಕೆ ಬೆಂಗಳೂರೇ ಬೇಕೇನೋ? ನಿಮ್ ಚಿಕ್ಕಪ್ಪ ಊರಲ್ಲೇ ಕಲೀಲಿಲ್ವಾ?" ಎನ್ನುತ್ತಿದ್ದಳು. ಚಿಕ್ಕಪ್ಪನ ಮೇಲೆ ಪಕ್ಕದ ಹೊಲದವರು ಬದು ಒತ್ತಿದ ಕೇಸು ಹಾಕಿದ್ದರು.

ವಾರ್ಡನ್ ಕೈಬರಹದ ನಡತೆ ಪತ್ರವಿಲ್ಲದೆ ಬೆಂಗಳೂರಿನ ಕಾಲೇಜು ಒಳಗೆ ಸೇರಿಸುತ್ತಿರಲಿಲ್ಲ. ಕದ್ದವನೆಂಬ ಹೆಸರು ಹೊತ್ತು ನ್ಯಾಯ ಓದಲು ಹೋಗುವುದಂತೂ ಆಗದ ಮಾತು.

ಕೋಣೆಯ ಜೊತೆಗಾರ ಆವಲಪ್ಪ ಗೌರಿಬಿದನೂರಿನ ಕಡೆಯವನು. ಯಾವುದಕ್ಕೂ ಹೆದರದ ಪ್ರಾಣಿ. "ಬಿಡಪ್ಪಾ, ಹಳಿ ಇಲ್ದೆ ರೈಲೇ ನಿಂತಿಲ್ಲ, ನಮ್ಮ ಓದು ನಿಲ್ತದಾ?" ಎಂದು ಹೊದಿಕೆ ಎಳೆದುಕೊಂಡ.

ಭಾನುವಾರ ವಾರ್ಡನ್ ಎಲ್ಲರನ್ನೂ ಅಂಗಳದಲ್ಲಿ ಸಾಲಾಗಿ ಕೂರಿಸಿದರು. ಪಕ್ಕದಲ್ಲಿ ಚಾಪೆಯ ಮೇಲೆ ಪೆದ್ದಮ್ಮ ಎಂಬ ಮುದುಕಿ ಕುಳಿತಿದ್ದಳು. ಅವಳು ಮಂತ್ರಿಸಿ ಕೊಟ್ಟ ಅಕ್ಕಿ ಕಳ್ಳರನ್ನು ಹಿಡಿಯುತ್ತದೆಂದು ಊರಿನ ಅರ್ಧ ಜನ ನಂಬಿದ್ದರು. ಉಳಿದರ್ಧ ಜನ ನಂಬದಿದ್ದರೂ ಅವಳ ಮುಂದೆ ಕೂರುತ್ತಿರಲಿಲ್ಲ.

"ಒಂದೊಂದು ಚಿಟಿಕೆ ಅಗೀರಿ ನಾಯ್ನಾ," ಎಂದಳು ಪೆದ್ದಮ್ಮ. "ಕದೀದೋರ ಬಾಯಲ್ಲಿ ಗಂಜಿ ಆಗ್ತದೆ. ಕದ್ದೋರ ಬಾಯಲ್ಲಿ ಬರೀ ಹಿಟ್ಟು. ಅಗ್ದು ಎಲೆ ಮೇಲೆ ಉಗೀರಿ."

ಆವಲಪ್ಪ ಮದುವೆ ಮನೆಯಲ್ಲಿ ಕುಳಿತವನಂತೆ ಅಗಿದ. "ಅವ್ವಾ, ಒಂಚೂರು ಬೆಲ್ಲ ಇದ್ದಿದ್ರೆ!" ಎಂದು, ಎಲೆಯ ಮೇಲೆ ಪಾಯಸದಂಥದ್ದನ್ನು ಉಗಿದ.

ಚನ್ನಕೇಶವನಿಗೆ ಈ ಅಕ್ಕಿಯ ಗುಟ್ಟು ಗೊತ್ತಿತ್ತು. ಅದೇ ಅವನ ಕಷ್ಟವಾಯಿತು. ಹೆದರಿದವನ ಬಾಯಲ್ಲಿ ಜೊಲ್ಲು ಬತ್ತುತ್ತದೆ, ಅದಕ್ಕೆ ಅಕ್ಕಿ ನೆನೆಯುವುದಿಲ್ಲ, ಮಂತ್ರ ಎಂಬುದು ಇಷ್ಟೇ ಎಂದು ಅವನು ಓದಿಕೊಂಡಿದ್ದ. ನಾನು ಕದ್ದಿಲ್ಲ, ಆದ್ದರಿಂದ ಹೆದರಬೇಕಿಲ್ಲ ಎಂದುಕೊಂಡ. ಅಕಸ್ಮಾತ್ ಹೆದರಿದರೆ ಬಾಯಿ ಒಣಗುತ್ತದಲ್ಲ ಎಂದು ಹೊಳೆಯಿತು. ಒಣಗಿದರೆ ಪತ್ರ ಹೋಯಿತು, ಬೆಂಗಳೂರು ಹೋಯಿತು. ಅಷ್ಟು ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತ್ತು. ಹುಣಸೆಹಣ್ಣನ್ನು ನೆನೆದ, ಉಪ್ಪಿನಕಾಯಿಯನ್ನು ನೆನೆದ, ನಂದಿಯ ದ್ರಾಕ್ಷಿಯನ್ನು ನೆನೆದ. ಯಾವುದೂ ಕೈಹಿಡಿಯಲಿಲ್ಲ. ಉಗಿದಾಗ ಆಗತಾನೇ ಬೀಸಿದಂಥ ಹಿಟ್ಟು ಹೊರಬಂದು ಗಾಳಿಗೆ ಹಾರಿತು. ಸ್ವಲ್ಪ ಪೆದ್ದಮ್ಮನ ಸೀರೆಯ ಮೇಲೂ ಬಿತ್ತು.

"ಅಯ್ಯೋ ದೇವುಡಾ!" ಎಂದು ಅವಳು ಸೆರಗು ಕೊಡವಿಕೊಂಡಳು.

"ನೀನೇನೋ?" ವಾರ್ಡನ್ ದನಿಯಲ್ಲಿ ಕೋಪಕ್ಕಿಂತ ಸಂಕಟವಿತ್ತು. ಅವರು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದುದು ತರ್ಕಶಾಸ್ತ್ರ. ಅದರಲ್ಲಿ ಅವರ ಅತ್ಯುತ್ತಮ ವಿದ್ಯಾರ್ಥಿ ಇವನೇ.

ಚನ್ನಕೇಶವ ಬಿಂದಿಗೆಯ ನೀರು ಗಟಗಟನೆ ಕುಡಿದು ಎದ್ದು ನಿಂತ. "ಸಾರ್, ಮಳೆ ಬಂದ್ರೆ ಅಂಗಳ ಒದ್ದೆ ಆಗ್ತದೆ. ಅಂಗಳ ಒದ್ದೆ ಆಗಿದ್ರೆ ಮಳೆ ಬಂದಿದೆ ಅನ್ನೋಕಾಗಲ್ಲ, ಯಾರೋ ನೀರು ಚೆಲ್ಲಿರಬಹುದು ಅಂತ ನೀವೇ ಹೇಳ್ಕೊಟ್ರಿ. ಕದ್ದೋನ ಬಾಯಿ ಒಣಗ್ತದೆ ನಿಜ. ಒಣಗಿದ ಬಾಯೆಲ್ಲ ಕಳ್ಳನ ಬಾಯಾ ಸಾರ್?"

"ಅದು ಪರೀಕ್ಷೆಗೆ ಕಣೋ. ಇದು ಹಾಸ್ಟೆಲ್ಲು."

"ಹಂಗಾದ್ರೆ ಖಂಡಿತ ಕದ್ದಿಲ್ದೋರೂ ಅಗೀಲಿ ಸಾರ್. ಅವರದ್ದೆಲ್ಲ ಗಂಜಿ ಆದ್ರೆ ನಾನೇ ಕಳ್ಳ ಅಂತ ಒಪ್ಕೊಂಡು ಊರಿಗೆ ಹೋಗ್ತೀನಿ. ನೀವು ಅಗೀರಿ, ನಿಮ್ಮನೇಲಿರೋ ಅಕ್ಕ ಅಗೀಲಿ."

ಹುಡುಗರಲ್ಲಿ ಗುಜುಗುಜು ಎದ್ದಿತು. ಎಲ್ಲರ ಎದುರಿಗೆ ಹಿಂಜರಿಯಲು ವಾರ್ಡನ್‌ಗೆ ಮನಸ್ಸಾಗಲಿಲ್ಲ. ತಟ್ಟೆ ನೋಡಿದರೆ ಅಕ್ಕಿ ಖಾಲಿ. "ಹೋಗು, ನಮ್ಮನೇಲಿ ಇಸ್ಕೊಂಡು ಬಾ," ಎಂದರು.

ವಾರ್ಡನ್ ಮನೆ ಅಂಗಳದ ಆಚೆ ತುದಿಗಿತ್ತು. ಅವರ ಹೆಂಡತಿ ವೆಂಕಟರತ್ನಮ್ಮ ಕೂಸನ್ನು ಹೆಗಲಿಗೆ ಹಾಕಿಕೊಂಡು ತಟ್ಟುತ್ತಿದ್ದಳು. ಹುಡುಗರೆಲ್ಲರಿಗೂ ಅವಳು ಅಕ್ಕ. ಜ್ವರ ಬಂದವರಿಗೆ ಗಂಜಿ ಕಾಯಿಸಿ ಕೊಡುವವಳು.

"ಅಕ್ಕ, ಇನ್ನೊಂದು ಹಿಡಿ ಅಕ್ಕಿ ಬೇಕಂತೆ."

"ನೀನೇ ತಗೊಳ್ಳಪ್ಪ, ಒಳಗೆ ಡ್ರಮ್ಮಲ್ಲಿದೆ," ಎಂದವಳು ಮರುಕ್ಷಣವೇ, "ಏಯ್, ಬೇಡ, ತಡಿ ತಡಿ!" ಎಂದು ಹಿಂದೆಯೇ ಓಡಿಬಂದಳು.

ತಡವಾಗಿತ್ತು. ತಗಡಿನ ಡ್ರಮ್ಮಿನ ಮುಚ್ಚಳದ ಮೇಲೆ, ಇಲಿ ನುಗ್ಗದಂತೆ ಭಾರಕ್ಕೆಂದು, ಹಳೆಯ ಬಟ್ಟೆ ಹೊದಿಸಿದ ಏನೋ ಒಂದಿತ್ತು. ಚನ್ನಕೇಶವ ಬಟ್ಟೆ ಎತ್ತಿದ. ಹಳಿ! ಕಳ್ಳನನ್ನು ಹಿಡಿಯಲು ಮಂತ್ರಿಸಿದ ಅಕ್ಕಿ ಬಂದದ್ದು ಇದರ ಕೆಳಗಿನಿಂದಲೇ.

ಚನ್ನಕೇಶವ ಅದರ ಒಂದು ತುದಿಯನ್ನು ಎತ್ತಿ ನೋಡಿದ.

"ಇಷ್ಟು ಭಾರ ನೀವೊಬ್ರೇ ಹೊತ್ರಾ ಅಕ್ಕ?"

"ಎಮ್ಮೆ ಕರು ಹೊತ್ತಿದೀನಿ, ಇದೇನು ಬಿಡು," ಎಂದಳು. ಆಮೇಲೆ ದನಿ ತಗ್ಗಿಸಿ, "ಏನ್ ಮಾಡ್ಲಪ್ಪ? ಈ ಕೂಸಿಗೆ ಕಣ್ಣು ಹತ್ತೋದೇ ನಾಲ್ಕು ಗಂಟೆಗೆ. ನಾಲ್ಕೂವರೆಗೆ ಇವರು ಢಣ್ ಅನ್ನಿಸ್ತಾರೆ. ಬೇಡ ಅಂದ್ರೆ ಶಿಸ್ತು ಅಂತಾರೆ. ಇವರ ಶಿಸ್ತಿಗೆ ನಾನು ಕುಂತಲ್ಲೇ ತೂಕಡಿಸ್ತೀನಿ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕ್ದೆ."

"ನಂದು ಹಿಟ್ಟಾಗೋಯ್ತು ಅಕ್ಕ. ನನ್ನೇ ಕಳ್ಳ ಅಂತಿದಾರೆ."

"ಕೇಳಿಸ್ತಪ್ಪ." ಅವಳ ಕಣ್ಣು ತುಂಬಿತು. "ಹೇಳ್ಬಿಡು ಬೇಕಾದ್ರೆ. ನಿನ್ ಓದು ಯಾಕೆ ಹಾಳಾಗ್ಬೇಕು? ಆದ್ರೆ ಅಷ್ಟು ಹುಡುಗರ ಮುಂದೆ ನಿಮ್ ಸಾರ್ ತಲೆ ಎತ್ತೋದು ಹೆಂಗೆ?"

ಒಂದು ಮಾತು ಹೇಳಿದ್ದರೆ ಅವನ ಪತ್ರ ಅವನ ಕೈಗೆ ಬರುತ್ತಿತ್ತು. ಗಂಡಹೆಂಡಿರು ಒಬ್ಬರಿಗೊಬ್ಬರು ಹೇಳಿಕೊಂಡದ್ದನ್ನು ಕೋರ್ಟು ಕೆದಕಬಾರದೆಂದು ಸಾಕ್ಷ್ಯ ಕಾಯಿದೆಯಲ್ಲಿತ್ತು. ಹೆಂಡತಿ ಡ್ರಮ್ಮಿನ ಮೇಲಿಟ್ಟದ್ದನ್ನು ಗಂಡನಿಗೆ ಮೂರನೆಯವನು ಹೇಳಬೇಕೇ ಎಂಬುದಕ್ಕೆ ಕಲಮು ಇರಲಿಲ್ಲ. ಚನ್ನಕೇಶವ ಬಟ್ಟೆಯನ್ನು ಮೊದಲಿನಂತೆ ಹೊದಿಸಿದ.

"ಅಕ್ಕ, ಎಷ್ಟು ಗಂಟೆಗೆ ಹೊಡೆದ್ರೆ ನಿಮಗೆ ಅಡ್ಡಿಯಿಲ್ಲ?"

"ಐದೂವರೆ ಆದ್ರೆ ಬದುಕ್ಕೊಂತೀನಿ ಕಣಪ್ಪ."

"ನೀವು ಬಂದು ಅಕ್ಕಿ ಅಗೀರಿ. ಮಿಕ್ಕಿದ್ದು ನಾನು ಮಾತಾಡ್ತೀನಿ."

ಹೀಗೆ ಲಾ ಕಾಲೇಜಿನ ಮುಖ ನೋಡುವ ಮೊದಲೇ ಅವನಿಗೊಬ್ಬ ಕಕ್ಷಿದಾರಳು ದೊರೆತಳು. ಅವಳು ತಪ್ಪಿತಸ್ಥೆ ಎಂಬುದೊಂದು ತೊಡಕು.

ವೆಂಕಟರತ್ನಮ್ಮ ಕೂಸಿನ ಸಮೇತ ಬಂದು ಚಾಪೆಯ ಮೇಲೆ ಕುಳಿತಳು. ಪೆದ್ದಮ್ಮ ಮಂತ್ರಿಸಿ ಕೊಟ್ಟ ಅಕ್ಕಿಯನ್ನು ಬಾಯಿಗೆ ಹಾಕಿಕೊಂಡು ಗಂಡನ ಮುಖವನ್ನೇ ನೋಡುತ್ತ ನಿಧಾನವಾಗಿ ಅಗಿದಳು. ಅವಳಿಗೆ ಅವರ ಹೆದರಿಕೆ ಎಂದೂ ಇರಲಿಲ್ಲ. ಎಲೆಯ ಮೇಲೆ ಬಿದ್ದದ್ದು ಆವಲಪ್ಪನದಕ್ಕಿಂತ ಗಟ್ಟಿಯಾದ ಗಂಜಿ.

"ನೋಡಿದ್ರಾ, ಬಂಗಾರದಂಥ ತಾಯಿ!" ಎಂದು ಪೆದ್ದಮ್ಮ ಕೈಮುಗಿದಳು.

ವಾರ್ಡನ್ ಸರದಿ ಬಂತು. ಹುಡುಗರು ಮೊಣಕಾಲ ಮೇಲೆ ಎದ್ದು ಅವರ ಬಾಯಿಯನ್ನೇ ನೋಡುತ್ತಿದ್ದರು. ಅವರು ಅಕ್ಕಿ ಹಾಕಿಕೊಳ್ಳುವುದಕ್ಕೂ ಆವಲಪ್ಪ ಕೇಳುವುದಕ್ಕೂ ಸರಿಹೋಯಿತು: "ಸಾರ್, ನಿಮ್ದೂ ಒಣಗಿದ್ರೆ ನಿಮ್ಗೆ ನಡತೆ ಪತ್ರ ಯಾರು ಬರೀತಾರೆ?"

ವಾರ್ಡನ್ ಅಗಿದರು. ಕಣ್ಣು ಮುಚ್ಚಿ ಅಗಿದರು. ದವಡೆ ಬದಲಿಸಿದರು. ಕಡೆಗೆ ಉಗಿಯಲೆಂದು ಬಗ್ಗಿದಾಗ ಕೆಮ್ಮು ಬಂದು ಮೂಗಿನಿಂದಲೂ ಹಿಟ್ಟು ಹಾರಿತು.

"ನಾನೇನು ಮಾಡ್ಲಿ ನಾಯ್ನಾ, ಅಕ್ಕಿ ಸುಳ್ಳು ಹೇಳಲ್ಲ," ಎಂದು ಪೆದ್ದಮ್ಮ ಚಾಪೆ ಸುತ್ತತೊಡಗಿದಳು.

"ಸಾರ್ ಕದ್ದಿಲ್ಲ!" ಎಂದು ಚನ್ನಕೇಶವ ಕೂಗಿದ. "ಸಾರ್ ಕದ್ದಿಲ್ಲ ಅಂತ ನಮಗೆಲ್ಲ ಗೊತ್ತು. ಆದ್ರೂ ಒಣಗ್ತು. ಅಂದ್ಮೇಲೆ ಈ ಪರೀಕ್ಷೇಲಿ ತಿಳಿಯೋದು ಹೆದರಿಕೆ ಮಾತ್ರ, ಕಳ್ಳತನ ಅಲ್ಲ."

ವಾರ್ಡನ್ ಕಣ್ಣೊರೆಸಿಕೊಂಡರು. ಪರೀಕ್ಷೆ ಸರಿ ಎಂದರೆ ತಾವೇ ಕಳ್ಳರಾಗಬೇಕಿತ್ತು. "ಆಯ್ತು, ನೀನೂ ಅಲ್ಲ," ಎಂದರು. "ಹಳಿ ಮಾತ್ರ ಬರಬೇಕಲ್ಲ? ಬರೋವರೆಗೂ ಪತ್ರ ಇಲ್ಲ."

"ಸಾರ್, ಕದ್ದೋರಿಗೆ ಹಳಿ ಮೇಲೆ ಆಸೆ ಇಲ್ಲ. ಆಸೆ ಇದ್ದಿದ್ರೆ ಸರಪಳೀನೂ ಹೋಗ್ತಿತ್ತು. ಅವರಿಗೆ ಬೇಕಾಗಿರೋದು ನಿದ್ದೆ. ಐದೂವರೆಗೆ ಹೊಡೀತೀನಿ ಅಂತ ಒಂದು ಮಾತು ಹೇಳಿ, ಹಳಿ ತಾನಾಗೇ ಬರ್ತದೆ."

"ಕಳ್ಳನ ಹತ್ರ ರಾಜಿ ಮಾಡ್ಕೊಳ್ಳೋದಾ? ನಾನಾ?"

"ಒಪ್ಕೊಳ್ಳೀಂದ್ರೆ," ಎಂದಳು ವೆಂಕಟರತ್ನಮ್ಮ, ಕೂಸಿನ ಬೆನ್ನು ತಟ್ಟುತ್ತ. "ಮೂಗೆಲ್ಲ ಹಿಟ್ಟಾಗಿದೆ, ಬಂದು ಮುಖ ತೊಳೀರಿ."

ಮರುದಿನ ಬೆಳಿಗ್ಗೆ ಹಳಿ ಹೊಂಗೆಮರದಲ್ಲಿ ತೂಗುತ್ತಿತ್ತು. ಸದ್ದು ಸ್ವಲ್ಪ ಮೆತ್ತಗಾಗಲೆಂದೋ ಏನೋ ಅದರ ನಡುವಿಗೆ ಹಸಿರಂಚಿನ ಹಳೆಯ ಸೀರೆಯ ತುಂಡನ್ನು ಬಿಗಿಯಾಗಿ ಸುತ್ತಲಾಗಿತ್ತು. ಐದೂವರೆಗೆ ಸರಳು ಹಿಡಿದು ಬಂದ ವಾರ್ಡನ್ ಆ ಬಟ್ಟೆಯನ್ನು ಬೆರಳಿನಿಂದ ಮುಟ್ಟಿ ನೋಡಿದರು. ಅದೇ ಸೀರೆಯ ಇನ್ನರ್ಧ ಅವರ ಮನೆಯ ತೊಲೆಗೆ ಕೂಸಿನ ಜೋಲಿಯಾಗಿ ಕಟ್ಟಿತ್ತು. ಆಮೇಲೆ ಬಟ್ಟೆಯನ್ನು ಬಿಚ್ಚದೆ, ಅದರ ಮೇಲೆಯೇ ಮೆಲ್ಲಗೆ ಹೊಡೆದರು. ಒಬ್ಬ ಹುಡುಗನೂ ಏಳಲಿಲ್ಲ.

ಪರೀಕ್ಷೆಗಳು ಮುಗಿದು ಟ್ರಂಕು ಕಟ್ಟಿದ ದಿನ ಚನ್ನಕೇಶವ ವಾರ್ಡನ್ ಮುಂದೆ ನಿಂತ. ಅವರು ಪತ್ರ ಬರೆದು, ಸಹಿ ಮಾಡಿ, ಕೊಡದೆ ಕೈಯಲ್ಲೇ ಇಟ್ಟುಕೊಂಡರು.

"ಕೇಶವ, ನಿಜ ಹೇಳು. ಆವತ್ತು ಅಕ್ಕಿ ತರೋಕೆ ಹೋದಾಗ ನಿನಗೆ ಗೊತ್ತಾಯ್ತಾ?"

ಚನ್ನಕೇಶವ ಬಾಯಿ ತೆರೆದ. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿಕೊಂಡಿತ್ತು. ಗಂಟಲಿನಿಂದ ಒಂದು ಒಣ ಶಬ್ದ ಬಂತೇ ಹೊರತು ಮಾತು ಬರಲಿಲ್ಲ.

ವಾರ್ಡನ್ ಅವನನ್ನು ನೋಡಿದರು, ಒಳಕೋಣೆಯ ಕಡೆ ನೋಡಿದರು. ಜೋಲಿ ತೂಗುವ ಸದ್ದು ಕೇಳುತ್ತಿತ್ತು.

"ಬೇಡ, ಏನೂ ಹೇಳ್ಬೇಡ," ಎಂದು ಪತ್ರವನ್ನು ಅವನ ಕೈಗಿಟ್ಟು, ಮೇಜಿನ ಮೇಲಿದ್ದ ನೀರಿನ ಲೋಟವನ್ನು ಅವನತ್ತ ಸರಿಸಿದರು. "ಕೋರ್ಟಿಗೆ ಹೋಗುವಾಗ ಒಂದು ಚೊಂಬು ನೀರು ಜೊತೇಲಿಟ್ಕೋ ಕಣೋ. ಇಲ್ದಿದ್ರೆ ನಿನ್ನ ಕಕ್ಷಿದಾರರೆಲ್ಲ ಒಳಗೆ ಹೋಗ್ಬಿಡ್ತಾರೆ."